ಮಂಡಕ್ಕಿ ಸಾಹೇಬರು ಬಿದ್ದ ಬೀದಿ

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮೇಲೆ ಡಾಕ್ಟರು ನನಗೆ ದಿನಾ ನಡೆಯಬೇಕೆಂದು ಹೇಳಿದರು. ಗಂಡನನ್ನು ಜೊತೆಗೆ ಕರೆದೆ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅವರು, "ಇಡೀ ದಿನ ನಿಂತ್ಕಂಡೇ ಕೆಲ್ಸ ಮಾಡ್ತೀನಿ, ಮತ್ತೆ ನಡಿ ಅಂತೀಯಲ್ಲ" ಎಂದು ಮಗ್ಗುಲು ಬದಲಿಸಿ ಮಲಗಿದರು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ ಒಬ್ಬಳೇ ನಡೆಯುವುದಕ್ಕೆ ಮೊದಮೊದಲು ಸಂಕೋಚ, ಆಮೇಲೆ ಬೇಸರ. ಅದೇ ಹೊತ್ತಿಗೆ, ನಾನು ಕೆಲಸ ಮಾಡುವ ಕಾಲೇಜು ಕಚೇರಿಯ ಸಹೋದ್ಯೋಗಿಯೊಬ್ಬರು ಒಂದು ನಾಯಿಯ ವಿಷಯ ಎತ್ತಿದರು. ಹರಿಹರದಲ್ಲಿದ್ದ ಅವರ ಪರಿಚಯದ ಕುಟುಂಬಕ್ಕೆ ದೂರದ ಊರಿಗೆ ವರ್ಗವಾಗಿತ್ತು. ನಾಯಿಯನ್ನು ಕರೆದೊಯ್ಯುವಂತಿರಲಿಲ್ಲ. ಟೆರಿಯರ್ ಬೆರಕೆ, ಇನ್ನೂ ವರ್ಷ ತುಂಬಿಲ್ಲ, ನಡೆಯುವವರಿಗೆ ಒಳ್ಳೆಯ ಜೊತೆ ಎಂದರು.

"ನಡಿಯಾಕೆ ಚಪ್ಲಿ ಬೇಕು, ನಾಯಿ ಯಾಕ?" ಎಂದರು ನನ್ನ ಗಂಡ. ಆದರೂ ಭಾನುವಾರ ಅವರೇ ಕಾರು ತೆಗೆದರು.

ಆ ಕುಟುಂಬದ ಮನೆಯಲ್ಲಿ ಅರ್ಧ ಸಾಮಾನು ಪೆಟ್ಟಿಗೆಗಳಿಗೆ ಸೇರಿತ್ತು. ಕಿಟಕಿಯ ಸರಳಿಗೆ ಕಟ್ಟಿದ್ದ ನಾಯಿ ನಮ್ಮನ್ನು ಕಂಡದ್ದೇ ಹಿಂಗಾಲ ಮೇಲೆ ನಿಂತು ಹಗ್ಗ ಜಗ್ಗತೊಡಗಿತು. ಬಿಳಿ ಮೈ, ಕಣ್ಣಿನ ಸುತ್ತ ಕಂದು ಮಚ್ಚೆ, ಗದ್ದದ ಕೆಳಗೆ ಒರಟು ಗಡ್ಡ, ಅರ್ಧಕ್ಕೆ ಮಡಚಿದ ಕಿವಿ. ಎತ್ತಿಕೊಂಡೆ. ನನ್ನ ಕನ್ನಡಕ ನೆಕ್ಕಿ ಮಂಜು ಮಾಡಿತು. ಅಷ್ಟಕ್ಕೇ ನಾನು ಸೋತಿದ್ದೆ.

ಆ ಮನೆಯಾಕೆ ಅನ್ನ ಹಾಕುವ ತಟ್ಟೆ, ಹಾಸುವ ಗೋಣಿ, ಲಸಿಕೆಯ ಚೀಟಿ ಎಲ್ಲ ಕೊಟ್ಟರು. ಕಾರಿನ ಬಾಗಿಲ ತನಕ ಬಂದು ಹೇಳಿದರು: "ಭಾಳ ಪ್ರೀತಿ ಮಾಡ್ತೈತ್ರಿ. ಆದ್ರೆ ಒಂದು ಮಾತು. ಗೇಟು ಮಾತ್ರ ತೆಗೆದಿಡಬ್ಯಾಡ್ರಿ. ಸೈಕಲ್ಲೋ ಗಾಡಿನೋ ಓಡಿತು ಅಂದ್ರೆ ಬೆನ್ನು ಹತ್ತತೈತೆ. ನಮಗೆ ಕಲಿಸಾಕೆ ಪುರುಸೊತ್ತಾಗ್ಲಿಲ್ಲ. ನೀವು ತಾಳ್ಮೆಯಿಂದ ಕಲಿಸ್ರಿ, ಕಲಿತೈತೆ."

ಹೂಂ ಎಂದೆ. ಆ ಮಾತು ನನಗೆ ಸರಿಯಾಗಿಯೇ ಕೇಳಿಸಿತ್ತು. ಕೇಳಿಸಿರಲಿಲ್ಲ ಎನ್ನುವ ಹಾಗಿದ್ದರೆ ಇವತ್ತು ಎಷ್ಟೋ ಹಗುರವಾಗಿರುತ್ತಿದ್ದೆ.

ಮೊದಲ ವಾರಗಳಲ್ಲಿ ಅದು ಮಾಡಿದ ಹಾವಳಿಗೆ ಲೆಕ್ಕವಿಲ್ಲ. ತುಳಸಿ ಕಟ್ಟೆಯ ಪಕ್ಕ ಗುಂಡಿ ತೋಡಿತು. ಗಂಡನ ಚಪ್ಪಲಿಯಲ್ಲಿ ಎಡಗಾಲಿನದನ್ನೇ ಆರಿಸಿ ಆರಿಸಿ ಕಡಿಯಿತು. ಸ್ನಾನ ಮಾಡಿಸಿದರೆ ಒದ್ದೆ ಮೈಯಲ್ಲೇ ಹೊರಗೋಡಿ ಮಣ್ಣಲ್ಲಿ ಹೊರಳಿ ಬರುತ್ತಿತ್ತು. ಕರೆದರೆ ಒಂದು ಕಿವಿ ಮಾತ್ರ ನನ್ನ ಕಡೆ ತಿರುಗುತ್ತಿತ್ತು. ನಡೆಯಲು ಕರೆದುಕೊಂಡು ಹೋದರೆ ನಾನು ಅದನ್ನು ನಡೆಸುತ್ತಿರಲಿಲ್ಲ, ಅದೇ ನನ್ನನ್ನು ಎಳೆಯುತ್ತಿತ್ತು. ಹಗ್ಗ ಕಟ್ಟಿದ ಕೈಗೆ ಸಂಜೆ ಹೊತ್ತಿಗೆ ಬಾವು.

ಲಸಿಕೆ ಹಾಕಿಸಲು ಹೋದಾಗ ದನದ ಆಸ್ಪತ್ರೆಯ ಡಾಕ್ಟರು ಅದರ ಗಡ್ಡ ಸವರಿ ನಕ್ಕರು. "ಈ ಜಾತಿನ ಇಲಿ ಹಿಡಿಸಾಕೆ ಅಂತ ಸಾಕಿದ್ರು. ಓಡೋದು ಕಂಡ್ರೆ ತಡಕೊಳ್ಳಾಕೆ ಆಗಲ್ಲ ಇದಕ್ಕೆ. ಈಗ್ಲೇ ಕಲಿಸ್ರಿ. ದೊಡ್ಡದಾದ ಮೇಲೆ ಕಷ್ಟ."

ಮನೆಗೆ ಬಂದು ಅದರ ಮುಂದೆ ಕೂತು ಒಂದೆರಡು ದಿನ "ಕೂಡು, ಕೂಡು" ಎಂದೆ. ಅದು ಕೂಡಲಿಲ್ಲ. ಚಿಕ್ಕದು, ತಾನಾಗಿ ಕಲಿಯುತ್ತದೆ ಎಂದು ಬಿಟ್ಟೆ. ಕಲಿಸದೇ ಇರುವುದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಇನ್ನೊಂದು ಸಂಗತಿ ಹೇಳಬೇಕು. ನಾಯಿ ಹಾಲಿನವನ ಸ್ಕೂಟರನ್ನು ಗೇಟಿನ ಒಳಗಿನಿಂದಲೇ ಅಟ್ಟಿಸಿಕೊಂಡು ಹೋಗುತ್ತಿತ್ತು. ಗೇಟಿನ ಈ ತುದಿಯಿಂದ ಆ ತುದಿಗೆ ಓಡಿ, ಸ್ಕೂಟರು ಕಣ್ಮರೆಯಾದ ಮೇಲೆ ತಾನೇ ಓಡಿಸಿದೆ ಎನ್ನುವ ಹಾಗೆ ಎದೆ ಉಬ್ಬಿಸಿ ತಿರುಗಿ ಬರುತ್ತಿತ್ತು. ಅದನ್ನು ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿ ತಂಗಿಗೆ ಕಳಿಸಿದೆ. ತಂಗಿ ನಗುವ ಮುಖಗಳನ್ನು ಸಾಲಾಗಿ ಕಳಿಸಿದಳು. ವಿಡಿಯೋದಲ್ಲಿ ನನ್ನ ನಗು ಕೇಳಿಸುತ್ತಿತ್ತು. ನಂತರ ಅದನ್ನು ಅಳಿಸಿಹಾಕಿದೆ, ತಂಗಿಗೂ ಅಳಿಸು ಎಂದೆ.

ನಮ್ಮ ಬೀದಿಗೆ ವಾರದಲ್ಲಿ ಎರಡು ಮೂರು ಸಲ ಮಂಡಕ್ಕಿ ಮಾರುವವರೊಬ್ಬರು ಸೈಕಲ್ಲಿನಲ್ಲಿ ಬರುತ್ತಿದ್ದರು. ಕ್ಯಾರಿಯರಿನ ಮೇಲೆ ಆಳೆತ್ತರದ ಚೀಲ, ಹ್ಯಾಂಡಲಿಗೆ ಖಾರದ ಡಬ್ಬಿ ಮತ್ತು ಅಳೆಯುವ ಪಾವು. ಅರವತ್ತು ದಾಟಿದ ವಯಸ್ಸು, ಬಿಳಿ ಗಡ್ಡ, ಮಾಸಿದ ಟೋಪಿ. ನಾವೆಲ್ಲ ಅವರನ್ನು ಮಂಡಕ್ಕಿ ಸಾಹೇಬರು ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡ ಮೇಲೆ ಮಂಡಕ್ಕಿ ಹುರಿಯುವ ಭಟ್ಟಿಗಳ ಹತ್ತಿರ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಬೀದಿಯ ತುದಿಯಲ್ಲೇ "ಮಂಡಕ್ಕೀ" ಎಂದು ಕೂಗುವ ಅವರ ದನಿ ಕೇಳಿದರೆ ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚಲು ಶುರು. ಸಂಜೆಗೆ ಒಗ್ಗರಣೆ ಮಂಡಕ್ಕಿ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ.

ಆ ದಿನವೂ ಭಾನುವಾರ. ಮಧ್ಯಾಹ್ನ ಮುಗಿಯುವ ಹೊತ್ತು. ಕೂಗು ಕೇಳಿಸಿ ನಾನು ಪಾತ್ರೆ ಹಿಡಿದು ಹೊರಗೆ ಬಂದೆ. ಅವರು ಎದುರು ಮನೆ ದಾಟಿ ಮುಂದೆ ಹೋಗುತ್ತಿದ್ದರು. ನಾನೇ ಕರೆದೆ. "ಸಾಹೇಬ್ರೇ, ಇಲ್ಲಿ ಬರ್ರಿ!" ಎಂದು ಕೂಗುತ್ತಾ ನಾನೇ ಗೇಟು ತೆಗೆದೆ.

ನಾಯಿ ನನ್ನ ಸೀರೆಯ ನೆರಿಗೆ ಸವರಿಕೊಂಡು ಹೊರಗೆ ಹಾರಿತು. ಸಾಹೇಬರು ಸೈಕಲ್ಲು ತಿರುಗಿಸುತ್ತಿದ್ದರು. ನಾಯಿ ತಿರುಗುವ ಚಕ್ರಕ್ಕೆ ಬೊಗಳುತ್ತಾ ನುಗ್ಗಿ ಅವರ ಪೈಜಾಮದ ಅಂಚು ಹಿಡಿದು ಎಳೆಯಿತು. ಅವರು ಒಂದು ಕಾಲು ಮೇಲೆತ್ತಿದರು. ಆಳೆತ್ತರದ ಚೀಲ ಒಂದು ಕಡೆ ವಾಲಿತು. ಅವರು, ಸೈಕಲ್ಲು, ಚೀಲ ಮೂರೂ ಒಟ್ಟಿಗೆ ಬಿದ್ದವು. ಬೀಳುವಾಗ ಅವರು ಬಲಗೈ ಊರಿದ್ದನ್ನು ನೋಡಿದೆ. ಚೀಲದ ಬಾಯಿ ಬಿಚ್ಚಿ ಬೀದಿ ತುಂಬ ಮಂಡಕ್ಕಿ ಚೆಲ್ಲಿತು. ಗಾಳಿಗೆ ಅದು ಮೋರಿಯ ಕಡೆಗೆ ಹರಿಯತೊಡಗಿತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಚಕ್ರ ನಿಂತದ್ದೇ ನಾಯಿಯ ಸಿಟ್ಟು ಇಳಿಯಿತು. ಬಾಲ ಅಲ್ಲಾಡಿಸುತ್ತಾ ಅವರ ತಲೆಯ ಪಕ್ಕದಲ್ಲೇ ಮಂಡಕ್ಕಿ ತಿನ್ನತೊಡಗಿತು.

"ಅಕ್ಕಾರೆ, ನಾಯಿ ಹಿಡ್ಕಳ್ರಿ" ಎಂದರು ಸಾಹೇಬರು. ಬೈಯಲಿಲ್ಲ, ಕಿರುಚಲಿಲ್ಲ. ಎದ್ದು ಕೂತು ಎರಡೂ ಕಾಲು ಎದೆಗೆ ಎಳೆದುಕೊಂಡಿದ್ದರು. ನಾಯಿಯನ್ನು ಒಳಗೆ ಹಾಕಿ ಬರುವ ಹೊತ್ತಿಗೆ ಎಡಗೈಯಿಂದ ಮಂಡಕ್ಕಿಯನ್ನು ಬಾಚಿ ಗುಡ್ಡೆ ಮಾಡುತ್ತಿದ್ದರು. ಬಲಗೈ ಮಡಿಲಲ್ಲಿತ್ತು. ಮಣಿಕಟ್ಟು ಇರಬೇಕಾದ ಹಾಗೆ ಇರಲಿಲ್ಲ.

"ಸಾಹೇಬ್ರೇ, ಕೈ ನೋಡ್ಕಳ್ರಿ. ಅದನ್ನ ಬಿಡ್ರಿ."

"ಈಗ ಭಟ್ಟಿಯಿಂದ ತಂದಿದ್ದೆ ಅಕ್ಕಾರೆ, ಬಿಸಿ ಐತೆ ಇನ್ನ" ಎಂದರು.

ಗಂಡ ಅವರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನಾನು ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. ಗುಂಡಿ ಬಂದಾಗಲೆಲ್ಲ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ಕಾಲಿಗೆ ಹಲ್ಲು ತಾಗಿರಲಿಲ್ಲ, ಪೈಜಾಮ ಮಾತ್ರ ಹರಿದಿತ್ತು. ಪ್ಲಾಸ್ಟರ್ ಹಾಕಿದರು. ಆಸ್ಪತ್ರೆಯ ಖರ್ಚು ನಾವೇ ಕೊಟ್ಟೆವು. ಅದು ಎಲ್ಲಕ್ಕಿಂತ ಸುಲಭದ ಕೆಲಸವಾಗಿತ್ತು. ಒಂದು ಕೈಯಲ್ಲಿ ಅಡುಗೆ ಮಾಡಿಕೊಳ್ಳುವುದು, ಬಟ್ಟೆ ಒಗೆಯುವುದು ಅವರಿಂದ ಆಗುವಂತಿರಲಿಲ್ಲ. ಹರಿಹರದಲ್ಲಿ ಬಟ್ಟೆ ಹೊಲಿಯುವ ಅವರ ಮಗಳು ಸಂಜೆಯೇ ಬಂದು ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ನನ್ನ ಕಡೆ ಒಂದೇ ಒಂದು ಸಲ ನೋಡಿದಳು.

ನಾವು ಮನೆಗೆ ಬಂದಾಗ ಎದುರು ಮನೆಯಾಕೆ ಗೇಟಿನ ಹತ್ತಿರ ಕಾಯುತ್ತಿದ್ದರು. ಬೀದಿಯ ಮಂಡಕ್ಕಿಯನ್ನು ಅವರೇ ಗುಡಿಸಿ ಮೂಲೆಗೆ ತಳ್ಳಿದ್ದರು. "ಇವತ್ತು ಸಾಬ್ರು, ನಾಳೆ ನಮ್ಮ ಮನಿ ಕೂಸು. ಆ ನಾಯಿನ ಎಲ್ಲಿಗಾರ ಕಳಿಸಿಬಿಡ್ರಿ" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಗಂಡನೂ ಅದನ್ನೇ ಹೇಳಿದರು. ಎಲ್ಲಿಗೆ ಕಳಿಸುವುದು? ಹರಿಹರದ ಕುಟುಂಬ ಊರು ಬಿಟ್ಟಾಗಿತ್ತು. ಭಾನುವಳ್ಳಿಯಲ್ಲಿ ಗಂಡನ ಗಿರಾಕಿಯೊಬ್ಬರು ತೋಟಕ್ಕೆ ಬೇಕು ಎಂದರಂತೆ. ಇವರು ಅರ್ಧ ಮಾತು ಕೊಟ್ಟು ಬಂದಿದ್ದರು. ನಾನು ಬೇಡ ಎಂದೆ. "ಕಲಿಸ್ತೀನಿ. ಕಲಿಸದೇ ಇದ್ದದ್ದು ನಾನು. ಅದರ ತಪ್ಪಲ್ಲ" ಎಂದೆ. ದೊಡ್ಡ ಮಾತಿನ ಹಾಗೆ ಕೇಳಿಸಿತು. ನಿಜ ಏನೆಂದರೆ ನನಗೆ ಅದನ್ನು ಬಿಟ್ಟಿರಲು ಆಗುತ್ತಿರಲಿಲ್ಲ. ಸಾಹೇಬರ ಕೈ ಮುರಿಯಿತು, ಕೋಣೆಗೆ ಬೀಗ ಬಿತ್ತು. ನಾನು ಮಾತ್ರ ಏನನ್ನೂ ಕಳೆದುಕೊಳ್ಳಲು ತಯಾರಿರಲಿಲ್ಲ.

ಮುಂದಿನ ಭಾನುವಾರ ಹಣ್ಣು ತೆಗೆದುಕೊಂಡು ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಮಗಳ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಹೊಲಿಯಲು ಬಂದ ಬ್ಲೌಸುಗಳು, ಮೂಲೆಯ ಮಂಚದ ಮೇಲೆ ಸಾಹೇಬರು. "ಬರ್ರಿ ಅಕ್ಕಾರೆ, ಕೂಡ್ರಿ" ಎಂದು ಎದ್ದು ನಿಲ್ಲಲು ಹೋದರು. ಮಗಳು ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದಳು, ಚಹಾ ತಂದುಕೊಟ್ಟಳು, ಮತ್ತೆ ಯಂತ್ರದ ಮುಂದೆ ಕೂತಳು. ಬಟ್ಟೆಯ ಮೇಲಿನ ಕಣ್ಣು ಎತ್ತದೆ ಕೇಳಿದಳು:

"ಆ ನಾಯಿ ಇನ್ನೂ ನಿಮ್ಮನ್ಯಾಗೇ ಐತೇನ್ರಿ?"

"ಐತೆ" ಎಂದೆ.

ಯಂತ್ರ ಸ್ವಲ್ಪ ಹೊತ್ತು ಓಡಿತು, ನಿಂತಿತು.

"ಮೂಕ ಪ್ರಾಣಿ ಬೇಟಿ, ಅದಕ್ಕೇನ್ ಗೊತ್ತಾಗ್ತೈತೆ" ಎಂದರು ಸಾಹೇಬರು.

"ಅದಕ್ಕೆ ಗೊತ್ತಾಗಲ್ಲ ಅಬ್ಬಾ. ನಾನು ಅದನ್ನ ಕೇಳ್ಲಿಲ್ಲ" ಎಂದಳು ಮಗಳು ಅಪ್ಪನಿಗೆ.

ಸಾಹೇಬರು ಮಾತು ಬದಲಿಸಿ ನಮ್ಮ ಬೀದಿಯವರನ್ನೆಲ್ಲ ವಿಚಾರಿಸಿದರು. ಮೂಲೆ ಮನೆಯವರಿಗೆ ಖಾರ ಬೇಡ, ಎದುರು ಮನೆಯ ಕೂಸಿಗೆ ಕಡಲೆ ಬೇಕು ಎಂಬುದೆಲ್ಲ ಅವರಿಗೆ ನೆನಪಿತ್ತು. "ನಾನು ಬರೋ ತನಕ ಮಂಡಕ್ಕಿಗೆ ಏನ್ ಮಾಡ್ತೀರಿ?" ಎಂದು ಕೇಳಿದರು. ಅಂಗಡಿಯಿಂದ ತರುತ್ತೇವೆ ಎಂದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬರುತ್ತೇನೆ, ಎಲ್ಲರಿಗೂ ಹೇಳಿ ಎಂದರು.

ಹಿಂತಿರುಗಿದ ಮರುದಿನದಿಂದ ಕಲಿಸಲು ಶುರು ಮಾಡಿದೆ. ದನದ ಆಸ್ಪತ್ರೆಯ ಡಾಕ್ಟರು ಹೇಳಿಕೊಟ್ಟರು, ಉಳಿದದ್ದನ್ನು ಮೊಬೈಲಿನಲ್ಲಿ ನೋಡಿಕೊಂಡೆ. ಬೈಯಬಾರದು, ಹೊಡೆಯಬಾರದು. ಮಾಡಿದ ಕೆಲಸಕ್ಕೆ ತಕ್ಷಣ ತಿನ್ನಲು ಏನಾದರೂ ಕೊಡಬೇಕು. ನಮ್ಮದು ಮಾಂಸ ಮಾಡದ ಮನೆ. ಗಜ್ಜರಿ ಕೊಟ್ಟೆ, ಬ್ರೆಡ್ಡು ಕೊಟ್ಟೆ, ಪನೀರು ಕೊಟ್ಟೆ. ಅದು ಮನಸ್ಸಿಟ್ಟು ಕೂತದ್ದು ಒಂದೇ ಒಂದಕ್ಕೆ: ಮಂಡಕ್ಕಿಗೆ. ಆ ದಿನ ಬೀದಿಯಲ್ಲಿ ರುಚಿ ಹತ್ತಿತ್ತು. ಬೇರೆ ದಾರಿಯಿಲ್ಲದೆ ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಅದರ ಮುಂದೆ ಕೂಡುತ್ತಿದ್ದೆ. ಒಂದೊಂದು ಕಾಳು ಕೊಡುವಾಗಲೂ ಎಡಗೈಯಿಂದ ಬಾಚುತ್ತಿದ್ದ ಆ ಮುದುಕರು ಕಣ್ಣ ಮುಂದೆ ಬರುತ್ತಿದ್ದರು.

ಕೂಡುವುದನ್ನು ಬೇಗ ಕಲಿಯಿತು. ಗೇಟು ತೆರೆದರೂ ಕೂತೇ ಇರುವುದಕ್ಕೆ ತಿಂಗಳುಗಳು ಹಿಡಿದವು. ಗೇಟು ಒಂದಿಷ್ಟು ತೆರೆಯುವುದು, ಎದ್ದರೆ ಮುಚ್ಚುವುದು, ಕೂತರೆ ಕಾಳು, ಮತ್ತೆ ತೆರೆಯುವುದು. ಆಫೀಸಿಗೆ ಹೊತ್ತಾಗುತ್ತಿದ್ದರೂ ಬಿಡಲಿಲ್ಲ. ಕೆಲವು ದಿನ ಎಲ್ಲ ಮರೆತು ಮೊದಲ ದಿನದ ನಾಯಿಯಾಗುತ್ತಿತ್ತು. ಒಮ್ಮೆ ತಾಳ್ಮೆ ತಪ್ಪಿ ಕೈ ಎತ್ತಿದೆ. ಅದು ಕಣ್ಣು ಮುಚ್ಚಿ ಕಿವಿ ಮಡಚಿ ಕಾಯಿತು. ಹೊಡೆತಕ್ಕೆ ಹಾಗೆ ಕಾಯುವುದನ್ನು ಅದು ಹಿಂದೆ ಎಲ್ಲೋ ಕಲಿತಿತ್ತು. ಎತ್ತಿದ ಕೈಯನ್ನು ಕೆಳಗಿಳಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕೊನೆಯದು ಸೈಕಲ್ಲು. ಸೈಕಲ್ಲಿನ ಅಭ್ಯಾಸಕ್ಕೆ ಸೈಕಲ್ಲು ಓಡಿಸುವವರೊಬ್ಬರು ಬೇಕಲ್ಲ. ಗಂಡ ಗೊಣಗುತ್ತಲೇ ಅಂಗಡಿಯ ಹಳೆಯ ಸೈಕಲ್ಲಿಗೆ ಗಾಳಿ ಹೊಡೆಸಿಕೊಂಡು ಬಂದರು. ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ನಮ್ಮ ಮನೆಯ ಮುಂದೆ ಅತ್ತಿಂದಿತ್ತ ಓಡಿಸುತ್ತಿದ್ದರು. ನಾನು ಉದ್ದನೆಯ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ನಾಯಿಯ ಜೊತೆ ನಿಂತಿರುತ್ತಿದ್ದೆ. ಮೊದಮೊದಲು ಬೀದಿಯ ಆ ತುದಿಯಲ್ಲಿ, ಆಮೇಲೆ ಹತ್ತಿರ, ಇನ್ನೂ ಹತ್ತಿರ. "ಈ ವಯಸ್ನಾಗೆ ಸರ್ಕಸ್ಸಿಗೆ ಸೇರಿಸಿದೆ ನನ್ನ" ಎನ್ನುತ್ತಾ ಗಂಟೆ ಬಾರಿಸಿಕೊಂಡು ಹೋಗುತ್ತಿದ್ದರು. ಎದುರು ಮನೆಯಾಕೆ ರಂಗೋಲಿ ಹಾಕುವುದನ್ನು ಬಿಟ್ಟು ನಗುತ್ತಿದ್ದರು. ನನಗೂ ನಗು ಬಂದುಬಿಡುತ್ತಿತ್ತು. ನಕ್ಕ ಮೇಲೆ, ಇದೇ ಬೀದಿ, ಇದೇ ಜಾಗ ಎಂದು ನೆನಪಾಗುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಒಂದು ಸಂಜೆ ಬೀದಿಯಲ್ಲಿ ಮೊಪೆಡ್ಡಿನ ಸದ್ದಿನ ಜೊತೆಗೆ "ಮಂಡಕ್ಕಿ, ಖಾರ ಮಂಡಕ್ಕಿ" ಎಂಬ ರೆಕಾರ್ಡಿನ ದನಿ ಕೇಳಿಸಿತು. ಸಾಹೇಬರ ಜಾಗ ಖಾಲಿ ಇದೆ ಎಂದು ತಿಳಿದು ಬೇರೆ ಯಾರೋ ಹಿಡಿದಿದ್ದರು. ಗಟ್ಟಿಮುಟ್ಟಾದ ಆಳು, ಒಳ್ಳೆಯ ಮಾತು. ಒಂದೊಂದಾಗಿ ಮನೆಗಳು ಅವನಿಗೆ ಗೇಟು ತೆರೆದವು. ನಾನು ಬಹಳ ದಿನ ತೆರೆಯಲಿಲ್ಲ. ಒಂದು ದಿನ ಹೇಳದೆ ಕೇಳದೆ ನೆಂಟರು ಬಂದರು. ಮನೆಯಲ್ಲಿ ಕೊಡಲು ಏನೂ ಇರಲಿಲ್ಲ. ಮೊಪೆಡ್ಡು ಬಂತು. ಪಾತ್ರೆ ಹಿಡಿದು ಹೊರಗೆ ಹೋದೆ. ಆಮೇಲೆ ಎರಡನೇ ಸಲಕ್ಕೆ ನೆಂಟರ ನೆಪವೂ ಬೇಕಾಗಲಿಲ್ಲ. ನಾಯಿಗೆ ಕೊಡುತ್ತಿದ್ದ ಮಂಡಕ್ಕಿಯೂ ಅವನದೇ ಆಯಿತು.

ಎರಡನೇ ಸಲ ಹರಿಹರಕ್ಕೆ ಹೋಗುವ ಹೊತ್ತಿಗೆ ಸಾಹೇಬರ ಪ್ಲಾಸ್ಟರ್ ಬಿಚ್ಚಿತ್ತು. ಕೈ ಸಣ್ಣಗಾಗಿತ್ತು. ಬೆರಳು ಮಡಚಿ ತೋರಿಸಿದರು, ಪೂರ್ತಿ ಮಡಚುತ್ತಿರಲಿಲ್ಲ. "ಬ್ರೇಕ್ ಹಿಡಿಯಾಕೆ ಬರಲ್ಲ ಅಕ್ಕಾರೆ. ಚೀಲ ಹೊತ್ತ ಸೈಕಲ್ಲು, ಬ್ರೇಕ್ ಇಲ್ದೆ ಹೆಂಗೆ?" ಎಂದರು. ಮೊಪೆಡ್ಡಿನ ವಿಷಯ ಹೇಳಬೇಕೆಂದು ಬಸ್ಸಿನಲ್ಲೆಲ್ಲ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರೇ ಹೇಳಿದರು. ಭಟ್ಟಿಯವರು ಫೋನ್ ಮಾಡಿ ತಿಳಿಸಿದ್ದರಂತೆ.

"ಒಳ್ಳೆ ಮನುಷಾನ್ರಿ ಅವ್ನು. ಹೆಂಡ್ರು ಮಕ್ಕಳು ಇರೋನು. ತಗಳ್ರಿ ಅವನ ಹತ್ರ" ಎಂದರು. ನಾನು ಆಗಲೇ ತಗೊಂಡಿದ್ದೇನೆ ಎಂದು ಹೇಳಲಾಗಲಿಲ್ಲ.

ಭಟ್ಟಿ ಹತ್ತಿರದ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಅವರ ಸಾಮಾನು ಮಗಳ ಮಂಚದ ಕೆಳಗೆ ಹಿಡಿದಿತ್ತು: ಒಂದು ಪೆಟ್ಟಿಗೆ, ಸ್ಟೋವು, ಎರಡು ಪಾತ್ರೆ. ಮಗಳ ಮುಂದೆ ಏನೂ ಹೇಳಲಿಲ್ಲ. ನನ್ನನ್ನು ಓಣಿಯ ತುದಿಯವರೆಗೆ ಕಳಿಸಲು ಬಂದಾಗ ಅಂದರು: "ಮಗಳು ಭಾಳ ಚೆನ್ನಾಗಿ ನೋಡ್ಕಂತಾಳೆ. ಆದ್ರೂ ನಮ್ಮ ಬೀಗದ ಕೈ ನಮ್ಮ ಕಿಸ್ಯಾಗೆ ಇರೋದು ಬ್ಯಾರೆ ಅಲ್ರೀ?"

ಹೌದು ಎಂದೆ. ಬಸ್ಸು ಹತ್ತಿ ಕೂತವಳು ದಾವಣಗೆರೆ ಬರುವ ತನಕ ಕಿಟಕಿಯ ಕಡೆಗೇ ಮುಖ ಮಾಡಿದ್ದೆ.

ವರ್ಷ ಕಳೆಯುವ ಹೊತ್ತಿಗೆ ನಮ್ಮ ನಾಯಿ ಬೀದಿಗೆಲ್ಲ ಮೆಚ್ಚಿನದಾಯಿತು. ಗೇಟು ಹಾರುಹೊಡೆದಿದ್ದರೂ ಹೊಸ್ತಿಲು ದಾಟುತ್ತಿರಲಿಲ್ಲ. ಪಕ್ಕದಲ್ಲಿ ಸೈಕಲ್ಲು ಹೋದರೆ ಮೈಯೆಲ್ಲ ನಡುಗುತ್ತಿತ್ತು, ಆದರೆ ನನ್ನ ಮುಖ ನೋಡುತ್ತಾ ಕೂಡುತ್ತಿತ್ತು. "ಎಂಥಾ ಶ್ಯಾಣ್ಯಾ ನಾಯಿ ಮಾಡೀರಿ" ಎಂದು ಎದುರು ಮನೆಯಾಕೆ ಕೂಸನ್ನು ಕರೆತಂದು ಅದರ ತಲೆ ಮುಟ್ಟಿಸುತ್ತಿದ್ದರು. ಸಾಹೇಬರು ಬಿದ್ದದ್ದನ್ನು ಬೀದಿ ಮರೆತಿತ್ತು. ನನ್ನ ಸಕ್ಕರೆಯೂ ಇಳಿದಿತ್ತು. ಡಾಕ್ಟರು ಶಭಾಷ್ ಎಂದರು. ಆ ಶಭಾಷನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ಸಾಹೇಬರಿಗೆ ನಾಯಿಯನ್ನು ತೋರಿಸಬೇಕು ಎಂಬ ಯೋಚನೆ ಬಂದದ್ದು ಆಗ. ಎಷ್ಟು ಕಲಿತಿದೆ ನೋಡಲಿ, ಅವರಿಗೂ ಸಮಾಧಾನವಾಗುತ್ತದೆ ಎಂದುಕೊಂಡೆ. ಗಂಡ ಒಮ್ಮೆ ಕೇಳಿದರು: "ಅವ್ರು ನೋಡ್ಬೇಕು ಅಂದಾರೇನು?" ನಾನು ನಾಯಿಯ ಹಗ್ಗ ತರಲು ಒಳಗೆ ಹೋದೆ.

ಆ ಹೊತ್ತಿಗೆ ಅವರು ಮಗಳ ಮನೆಯ ಮುಂದಿನ ಕಟ್ಟೆಯ ಮೇಲೆ ಮಂಡಕ್ಕಿ ಚೀಲ ಇಟ್ಟುಕೊಂಡು ಕೂತು ಮಾರಲು ಶುರು ಮಾಡಿದ್ದರು. ಓಣಿಗೆ ಕಾರು ಹೋಗುತ್ತಿರಲಿಲ್ಲ, ಗಂಡ ಸ್ಟೇಷನ್ನಿನ ಹತ್ತಿರವೇ ನಿಲ್ಲಿಸಿದರು. ನಾಯಿಯನ್ನು ನಡೆಸಿಕೊಂಡು ಹೋದೆ. ಹೊಸ ಓಣಿ, ಹೊಸ ವಾಸನೆ, ಮಕ್ಕಳು, ಕೋಳಿಗಳು. ಅದು ನನ್ನ ಕಾಲಿಗೆ ಅಂಟಿಕೊಂಡೇ ಬಂತು. ಎದೆಯಲ್ಲಿ ಹೆಮ್ಮೆ ಎದ್ದದ್ದು ಸುಳ್ಳಲ್ಲ.

ಸಾಹೇಬರು ದೂರದಿಂದಲೇ ನಮ್ಮನ್ನು ನೋಡಿದರು. ಯಾರಿಗೋ ಅಳೆಯುತ್ತಿದ್ದ ಪಾವನ್ನು ಚೀಲದಲ್ಲೇ ಬಿಟ್ಟು ಎರಡೂ ಕಾಲುಗಳನ್ನು ಕಟ್ಟೆಯ ಮೇಲಕ್ಕೆ ಎಳೆದುಕೊಂಡರು. ಬಿದ್ದ ದಿನ ಬೀದಿಯಲ್ಲಿ ಕೂತಿದ್ದರಲ್ಲ, ಹಾಗೆಯೇ.

"ಏನೂ ಮಾಡಲ್ಲ ಸಾಹೇಬ್ರೇ, ಎಲ್ಲ ಕಲಿತೈತೆ ಈಗ. ನೋಡ್ರಿ" ಎಂದೆ. ನಾಯಿಗೆ ಕೂಡು ಎಂದೆ. ಕೂತಿತು. ಓಣಿಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸುತ್ತಾ ನಮ್ಮನ್ನು ಸವರಿಕೊಂಡೇ ಹೋಯಿತು. ನಾಯಿ ಅಲುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿತ್ತು.

"ಕಲಿತೈತೆ ಬಿಡ್ರಿ ಅಕ್ಕಾರೆ. ಚೆನ್ನಾಗಿ ಕಲಿಸೀರಿ" ಎಂದರು ಸಾಹೇಬರು. ನಗಲು ನೋಡಿದರು. ಹಣೆಯ ಮೇಲೆ ಬೆವರಿತ್ತು. "ನನ್ನ ಕಾಲು ಕಲಿತಿಲ್ಲ, ಅಷ್ಟೆ. ಬ್ಯಾಡ ಅಂದ್ರೂ ತಾವೇ ಮ್ಯಾಲೆ ಬರ್ತಾವೆ."

ಮಗಳು ಒಳಗಿನಿಂದ ಬಂದಳು. ಅಪ್ಪನನ್ನು ನೋಡಿದಳು, ನಾಯಿಯನ್ನು ನೋಡಿದಳು. ದನಿ ಏರಿಸಲಿಲ್ಲ. "ಅಕ್ಕಾ, ನೀವು ಯಾವಾಗ ಬೇಕಾದ್ರೂ ಬರ್ರಿ. ಇದನ್ನ ಕರ್ಕಂಡು ಬರಬ್ಯಾಡ್ರಿ. ಅಬ್ಬಾ ಈಗ್ಲೂ ಓಣ್ಯಾಗೆ ನಾಯಿ ಬೊಗಳಿದ್ರೆ ಒಳಗೆ ಬಂದ್ಬಿಡ್ತಾರೆ. ಗಿರಾಕಿ ನಿಂತಿದ್ರೂ ಸೈತ."

ನಾನು ತಿರುಗಿದೆ. ನಾಯಿ ಕರೆಯುವ ಮೊದಲೇ ಎದ್ದು ಜೊತೆಗೆ ಬಂತು. ನದಿಯ ಕಡೆ ನಡೆದು ದಂಡೆಯ ಕಲ್ಲಿನ ಮೇಲೆ ಕೂತೆ. ತುಂಗಭದ್ರೆಯಲ್ಲಿ ಬಟ್ಟೆ ಒಗೆಯುವವರು ಬಟ್ಟೆ ಹಿಂಡುತ್ತಿದ್ದರು. ಇಷ್ಟು ತಿಂಗಳು ನಾನು ಯಾರಿಗಾಗಿ ಕಲಿಸಿದೆ ಎಂದು ಕೇಳಿಕೊಂಡೆ. ಬೀದಿಗಾಗಿ ಎಂದರೆ ಅರ್ಧ ನಿಜ. ಪೂರ್ತಿ ನಿಜ ಏನೆಂದರೆ ಒಂದು ದಿನ ಆ ಮುದುಕರು ಅದರ ತಲೆ ಸವರಿ, ಹೋಗಲಿ ಬಿಡಿ ಎನ್ನಬೇಕಾಗಿತ್ತು. ಅದಕ್ಕಾಗಿ ಅವರು ಹೆದರುವ ಪ್ರಾಣಿಯನ್ನು ಅವರ ಮನೆ ಬಾಗಿಲಿಗೇ ಕರೆದುಕೊಂಡು ಹೋಗಿದ್ದೆ. ನಾಯಿ ನೀರಿನ ಅಂಚಿಗೆ ಹೋಗಿ ಕಾಲು ಒದ್ದೆ ಮಾಡಿಕೊಂಡು ಬಂದು ನನ್ನ ಮಡಿಲಲ್ಲಿ ತಲೆ ಇಟ್ಟಿತು. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಅಂದಿನಿಂದ ನಾನು ಒಬ್ಬಳೇ ಹೋಗುತ್ತೇನೆ, ತಿಂಗಳಿಗೊಮ್ಮೆ ಇಲ್ಲವೇ ಹಬ್ಬಕ್ಕೆ. ಅವರ ಹತ್ತಿರ ಮಂಡಕ್ಕಿ ತಗೊಂಡು ಬರುತ್ತೇನೆ. ಮಗಳ ಹತ್ತಿರ ಬ್ಲೌಸು ಹೊಲಿಸುತ್ತೇನೆ. ಅವಳು ಈಗ ಕಣ್ಣೆತ್ತಿ ಮಾತಾಡುತ್ತಾಳೆ. ಹಾಗೆಂದು ನಾವು ಹತ್ತಿರವಾದೆವು ಎನ್ನಲಾರೆ. ನಾನು ಹೋದಾಗಲೆಲ್ಲ ಅವಳ ಮೊದಲ ನೋಟ ನನ್ನ ಕೈಯ ಕಡೆ, ಹಗ್ಗ ಇದೆಯೋ ಇಲ್ಲವೋ ಎಂದು.

ಕಳೆದ ಚಳಿಗಾಲದಲ್ಲಿ ಸಾಹೇಬರ ಫೋನು ಬಂತು. ಬೀದಿಯ ತುದಿಯಲ್ಲಿ ಆಟೋದಲ್ಲಿದ್ದೇನೆ ಎಂದರು. "ನಾಯಿ ಕಟ್ಟೀರೇನ್ರಿ? ಒಂದು ನಿಮಿಷ ಬಂದು ಹೋಗ್ತೀನಿ."

ನಾಯಿಯನ್ನು ಹಿಂದಿನ ಕೋಣೆಗೆ ಹಾಕಿ ಚಿಲಕ ಹಾಕಿದೆ. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಮೊಮ್ಮಗಳ ಮದುವೆಯ ಕಾರ್ಡು ಕೊಡಲು. ಒಳಗೆ ಬರ್ರಿ ಎಂದೆ. ಗೇಟಿನಲ್ಲಿ ನಿಂತರು, ಚಪ್ಪಲಿ ಬಿಟ್ಟರು, ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಆಗ ಹೊಳೆಯಿತು, ಇಷ್ಟು ವರ್ಷ ನಮ್ಮ ಬೀದಿಯಲ್ಲಿ ಮಂಡಕ್ಕಿ ಮಾರಿದ ಮನುಷ್ಯ ನಮ್ಮ ಗೇಟು ದಾಟಿ ಬಂದದ್ದು ಇದೇ ಮೊದಲು. ಬಿಸಿಲಲ್ಲಿ ನಿಂತು ಅಳೆದು ಕೊಡುತ್ತಿದ್ದರು. ನಾವು ಪಾತ್ರೆ ಒಡ್ಡಿ ತುಂಬಿಸಿಕೊಂಡು ಒಳಗೆ ಬರುತ್ತಿದ್ದೆವು. ಒಂದು ಲೋಟ ನೀರು ಬೇಕೇ ಎಂದು ಯಾವತ್ತಾದರೂ ಕೇಳಿದ್ದೆನೇ? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಇದು ನಾಯಿ ಮಾಡಿದ ತಪ್ಪಲ್ಲ.

ಚಹಾ ಕೊಟ್ಟೆ. ಎಡಗೈಯಲ್ಲಿ ಬಸಿ ಹಿಡಿದು ಕುಡಿದರು. ಗಂಡ ಅಂಗಡಿಯಿಂದ ಬಂದು ಕಾರ್ಡು ಓದಿ, ಖಂಡಿತ ಬರ್ತೀವಿ ಎಂದರು. ಅಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ನಾಯಿ ಒಮ್ಮೆ ಕುಂಯ್ ಎಂದಿತು. ಬೊಗಳಲಿಲ್ಲ. ಬಸಿಯಲ್ಲಿದ್ದ ಚಹಾ ಅವರ ಬಿಳಿ ಅಂಗಿಯ ಮೇಲೆ ಚೆಲ್ಲಿತು.

ನಾನು ಬಟ್ಟೆ ತರಲು ಎದ್ದೆ. "ಇರ್ಲಿ ಇರ್ಲಿ, ಕೂಡ್ರಿ" ಎಂದರು. ನನಗೆ ಬೇಸರವಾಗದಿರಲಿ ಎಂದು ನಕ್ಕರು. "ಕೂಸು ಅಳ್ತೈತೆ ಒಳಗೆ. ಹೊರಗೆ ಬಿಡ್ರಿ, ನಾನು ಹೊರಡ್ತೀನಿ."

ಆಟೋದವರೆಗೆ ಹೋಗಿ ಕಳಿಸಿದೆ. ಹತ್ತುವಾಗ ಸರಳು ಹಿಡಿಯಲು ಬಲಗೈ ಚಾಚಿ, ನೆನಪಾಗಿ, ಎಡಗೈಗೆ ಬದಲಿಸಿದರು. "ಮದುವಿಗೆ ಇಬ್ಬರೂ ಬರ್ರಿ, ಮರೀಬ್ಯಾಡ್ರಿ" ಎಂದರು. ಆಟೋ ಹೊರಟ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಮನೆಗೆ ಬಂದೆ. ಗಂಡ ಕಾರ್ಡನ್ನು ದೇವರ ಕೋಣೆಯ ಬಾಗಿಲ ಪಕ್ಕ ಸಿಕ್ಕಿಸಿದ್ದರು. ನಾನು ನೆಲಕ್ಕೆ ಬಿದ್ದ ಚಹಾ ಒರೆಸಿದೆ. ಬಟ್ಟೆ ಹಿಂಡಿ ಒಣಹಾಕಿದೆ. ಒಳಗೆ ನಾಯಿ ಕಾಯುತ್ತಿತ್ತು. ಚಿಲಕ ತೆಗೆಯಲು ನನಗೆ ಕೂಡಲೇ ಮನಸ್ಸಾಗಲಿಲ್ಲ.